ಕಡಲ ಮಗ್ಗುಲಲ್ಲಿ ಅತಿಥಿಗೃಹ ಕಟ್ಟುವವರಿಗೆ

ಕರಾವಳಿಯ ತೀರದಲ್ಲಿ ವಿಶ್ರಾಂತಿಗೃಹಗಳನ್ನು ನಡೆಸುತ್ತಿರುವ, ಕಟ್ಟುತ್ತಿರುವ, ಕಟ್ಟುವುದಕ್ಕೆಂದು ನೆಲ ನೋಡಿಟ್ಟಿರುವ ಎಲ್ಲ ಮಹನೀಯರೇ,

ನಿಮ್ಮಲ್ಲಿ ಯಾರ ಮುಖಪರಿಚಯವೂ ನನಗಿಲ್ಲ. ನನ್ನ ಹೆಸರನ್ನು ನೀವು ಕೇಳಿರುವ ಸಂಭವವೂ ಇಲ್ಲ. 34 ವರ್ಷಕಾಲ ಪ್ರೌಢಶಾಲೆಯಲ್ಲಿ ಭೂಗೋಳವನ್ನು ಪಾಠ ಹೇಳಿ ನಿವೃತ್ತನಾದ ನಾನು ಕಳೆದ ಮಾಘಮಾಸದಲ್ಲಿ ಹೊನ್ನಾವರಕ್ಕೆ ಸಮೀಪವಾದ ಒಂದು ಪುಟ್ಟ ಸ್ಪಾ ಹೋಟೆಲಿನಲ್ಲಿ ಏಳು ದಿನ ಇದ್ದು ಬಂದೆನು. ಬಂದು ತಿಂಗಳುಗಳು ಕಳೆದಿದ್ದರೂ ಆ ಏಳು ದಿನಗಳು ಮನಸ್ಸಿನಿಂದ ಮರೆಯಾಗಿಲ್ಲ. ಮರೆಯಾಗದಿರುವುದು ಮಾತ್ರವಲ್ಲ, ನಿಮ್ಮಂಥವರೊಡನೆ ಕುಳಿತು ಅದನ್ನು ಕುರಿತು ಮಾತನಾಡಬೇಕೆಂಬ ತವಕವೂ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ. ಒಬ್ಬೊಬ್ಬರ ಮನೆಬಾಗಿಲಿಗೂ ಬರುವ ಶಕ್ತಿ ಈ ವಯಸ್ಸಿನಲ್ಲಿ ನನಗಿಲ್ಲವಾದ ಕಾರಣ ಎಲ್ಲರಿಗೂ ಕೂಡಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ.

ಅಲ್ಲಿಗೆ ಹೋಗುವ ದಿನ ಮಂಗಳೂರಿನಲ್ಲಿ ರೈಲು ಹತ್ತಿ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದೆನು. ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುಕೊಂಡದ್ದು 1998ರಲ್ಲಿ. ಅದಕ್ಕೆ ಮುಂಚೆ ಬಸ್ಸಿನಲ್ಲಿ, ಅದಕ್ಕೂ ಮುಂಚೆ ನನ್ನ ಬಾಲ್ಯದಲ್ಲಿ ಅಳಿವೆಗಳನ್ನು ದೋಣಿಯಲ್ಲಿ ದಾಟಿ, ಈ ತೀರದಲ್ಲಿ ನಾನು ಸಾಕಷ್ಟು ಸಂಚರಿಸಿದ್ದೇನೆ. ಆದರೆ ಈ ಸಲ ಗದ್ದೆಗಳ ನಡುವೆ, ತೆಂಗಿನ ತೋಟಗಳ ಅಂಚಿನಲ್ಲಿ, ಕೆಲವೆಡೆ ಕಡಲು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ ಸಾಲುಸಾಲಾಗಿ ನೆಟ್ಟ ಕಲ್ಲುಗಳನ್ನೂ, ಅವುಗಳಿಗೆ ಕಟ್ಟಿದ ಕೆಂಪು ಪಟ್ಟಿಗಳನ್ನೂ, ಸಮುದ್ರಾಭಿಮುಖವಾದ ನಿವೇಶನಗಳು ಮಾರಾಟಕ್ಕಿವೆಯೆಂದು ಸಾರುವ ಫಲಕಗಳನ್ನೂ ಹಿಂದೆಂದೂ ಕಾಣದಷ್ಟು ಸಂಖ್ಯೆಯಲ್ಲಿ ಕಂಡೆನು. ಆ ಕಲ್ಲುಗಳನ್ನು ನೆಡಿಸಿದವರು ನೀವು. ಅವುಗಳ ಮೇಲೆ ಗೋಡೆ ಏಳುವ ಮೊದಲೇ ಈ ಮಾತುಗಳು ನಿಮ್ಮನ್ನು ಮುಟ್ಟಲಿ ಎಂಬುದೇ ನನ್ನ ಆಸೆ.

ನಾನು ಇಳಿದುಕೊಂಡಿದ್ದ ಮನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿರುವುದು ಎಂಟೇ ಕೋಣೆಗಳು; ಹೆಸರು ಹಬ್ಬಿ ನೂರು ಜನ ಬಾಗಿಲು ತಟ್ಟಿದರೆ ಆ ಮನೆಯ ಸೊಗಸಿಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ವೆಚ್ಚ ಅಲ್ಪವಾಗಿರಲಿಲ್ಲವೆಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ: ನನ್ನ ಎರಡು ತಿಂಗಳ ಪಿಂಚಣಿ ಆ ಏಳು ದಿನಗಳಿಗೆ ಸಂದಿತು. ಬಲಹೆಗಲು ಹಿಡಿದುಕೊಂಡು, ತೋಳನ್ನು ಕಿವಿಯ ಮಟ್ಟಕ್ಕೆ ಎತ್ತಲಾರದೆ, ರಾತ್ರಿ ಮಗ್ಗುಲು ಬದಲಿಸುವಾಗೆಲ್ಲ ಎಚ್ಚರವಾಗುತ್ತ ಒಂದು ವರ್ಷ ಕಳೆದಿದ್ದ ನನ್ನನ್ನು ಕಂಡು ಮರುಗಿದ ಮಗಳು ಹಟಹಿಡಿದು ಕಳುಹಿಸಿದಳು. ಹೋಗುವಾಗ ನನ್ನ ಮನಸ್ಸಿನಲ್ಲಿದ್ದದ್ದು ಹೆಗಲಿನ ಚಿಂತೆ ಒಂದೇ.

ರಸ್ತೆಯಿಂದ ನೋಡಿದರೆ ಅಲ್ಲೊಂದು ಹೋಟೆಲು ಇದೆಯೆಂದೇ ತಿಳಿಯುವಂತಿಲ್ಲ. ತೆಂಗಿನ ತೋಟದ ನಡುವೆ, ಗಿಲಾವು ಬಳಿಯದ ಚಿರೆಕಲ್ಲಿನ ಗೋಡೆಗಳ, ಮಂಗಳೂರು ಹಂಚಿನ ಇಳಿಜಾರು ಮಾಡಿನ ಒಂದೇ ಅಂತಸ್ತಿನ ಮನೆ. ಯಾವ ಸೂರೂ ತೆಂಗಿನ ತಲೆಯನ್ನು ಮೀರಿ ನಿಂತಿಲ್ಲ. ಅಗಲವಾದ ಜಗುಲಿ, ಕಾಲಿಗೆ ತಂಪಾಗುವ ಕೆಂಪು ಕಾವಿಯ ನೆಲ, ಗಾಳಿ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೊರಡುವಂತೆ ಎದುರುಬದುರಾಗಿ ಇಟ್ಟ ಬಾಗಿಲುಗಳು. ಹಾಸಿಗೆಯ ಮೇಲೆ ಬಿಳಿಯ ಹತ್ತಿಯ ಹೊದಿಕೆ. ಹೂಜಿಯಲ್ಲಿ ಲಾವಂಚ ಹಾಕಿದ ನೀರು. ಕೋಣೆಯಲ್ಲಿ ಗಡಿಯಾರವಿರಲಿಲ್ಲ. ಮೊದಲ ದಿನ ಅದೊಂದು ಕೊರತೆಯಾಗಿ ತೋರಿತು. ಮೂರನೆಯ ದಿನದ ಹೊತ್ತಿಗೆ ಉಬ್ಬರದ ಸದ್ದು ಜಗುಲಿಗೆ ಎಷ್ಟು ಸಮೀಪಿಸಿದೆಯೆಂಬುದರಿಂದಲೇ ಹೊತ್ತನ್ನು ಅಂದಾಜು ಮಾಡತೊಡಗಿದ್ದೆನು. ಉಬ್ಬರ ನಿನ್ನೆ ಬಂದ ಹೊತ್ತಿಗಿಂತ ಇಂದು ಸುಮಾರು 50 ನಿಮಿಷ ತಡವಾಗಿ ಬರುತ್ತದೆಂದು ಎಷ್ಟೋ ತಂಡಗಳ ಮಕ್ಕಳಿಗೆ ಹಲಗೆಯ ಮೇಲೆ ಬರೆದು ಕಲಿಸಿದವನು ಅದನ್ನು ಸ್ವತಃ ಕಿವಿಯಿಂದ ಅರಿತದ್ದು ಆ ಜಗುಲಿಯಲ್ಲಿ.

ಮನೆಯಿಂದ ಮರಳಿಗೆ ಒಂದು ಕಾಲುದಾರಿ ಇದೆ. ತೋಟ ಮುಗಿದ ಮೇಲೆ ಗಾಳಿಮರಗಳ ಸಾಲು, ಅದರಾಚೆ ಮುಂಡಿಗೆಯ ಮೆಳೆ, ಅದರಾಚೆ ಮರಳದಿಬ್ಬದ ಮೇಲೆ ಹಬ್ಬಿದ, ಆಡಿನ ಗೊರಸಿನಂಥ ಸೀಳೆಲೆಯ, ನೇರಳೆ ಹೂವಿನ ಬಳ್ಳಿ, ಆಮೇಲೆ ಕಡಲು. ನಡುವಿನ ಆ ದೂರವನ್ನು ಯಾರೂ ಕತ್ತರಿಸಿ ನೇರ್ಪುಗೊಳಿಸಿಲ್ಲ. ಕೋಣೆಯ ಕಿಟಕಿಯಿಂದ ಅಲೆ ಕಾಣುವುದಿಲ್ಲವೆಂದು ನನ್ನ ಪಕ್ಕದ ಕೋಣೆಯ ಅತಿಥಿಯೊಬ್ಬರು ಮೊದಲ ಸಂಜೆ ಅಸಮಾಧಾನ ಸೂಚಿಸಿದರು. ಎರಡು ದಿನದ ತರುವಾಯ ಅವರೇ, ಕಾಣದ ಕಡಲು ರಾತ್ರಿಯೆಲ್ಲ ಕೇಳಿಸುತ್ತಿದ್ದರೆ ಬೆಳಗ್ಗೆ ಎದ್ದು ಅದನ್ನು ಹುಡುಕಿಕೊಂಡು ಹೋಗುವುದರಲ್ಲಿ ಒಂದು ಹರ್ಷವಿದೆಯೆಂದು ಹೇಳಿದ್ದನ್ನು ಕೇಳಿದೆನು.

ಇನ್ನು ಚಿಕಿತ್ಸೆಯ ವಿಚಾರ. ಸ್ಪಾ ಎಂಬ ಮಾತು ಬೆಲ್ಜಿಯಮ್ ದೇಶದ ಸ್ಪಾ ಎಂಬ ಊರಿನಿಂದ, ಅಲ್ಲಿನ ಖನಿಜಜಲದ ಬುಗ್ಗೆಗಳ ಖ್ಯಾತಿಯಿಂದ, ಲೋಕಕ್ಕೆಲ್ಲ ಹಬ್ಬಿದ್ದು. ನಮ್ಮಲ್ಲೂ ಪುತ್ತೂರಿನ ಬಳಿಯ ಬೆಂದ್ರ್ ತೀರ್ಥದಲ್ಲಿ ಬಿಸಿನೀರಿನ ಬುಗ್ಗೆಯುಂಟು. ಅದರಲ್ಲಿ ಮಿಂದರೆ ಚರ್ಮದ ಬೇನೆ ವಾಸಿಯಾಗುವುದೆಂದು ಜನ ನಂಬಿ ಹೋಗುವುದೂ ಉಂಟು. ಆದರೆ ಈ ನಾಡಿನ ದೇಹೋಪಚಾರದ ಮೂಲ ನೀರಿಗಿಂತ ಹೆಚ್ಚಾಗಿ ಎಣ್ಣೆಯಲ್ಲಿದೆ. ದಿನವೂ ಅಭ್ಯಂಗ ಮಾಡಬೇಕು, ಅದರಲ್ಲಿಯೂ ತಲೆ, ಕಿವಿ, ಪಾದಗಳನ್ನು ಮರೆಯಬಾರದು ಎಂದು ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ವಿಧಿಸಿರುವುದು ಬಹು ಕಾಲದ ಅನುಭವ ಶಾಸ್ತ್ರವಾಗಿ ನಿಂತ ಮಾತು. ನಮ್ಮ ಮನೆಗಳಲ್ಲಿ ಅದು ವರ್ಷಕ್ಕೊಮ್ಮೆ ನರಕಚತುರ್ದಶಿಯ ಬೆಳಗಿಗೆ ಸೀಮಿತವಾಗಿ ಉಳಿದುಕೊಂಡಿದೆ.

ನನ್ನನ್ನು ಉಪಚರಿಸಿದವನು ಮೂವತ್ತರ ಆಸುಪಾಸಿನ ಯುವಕ. ಬೆಳಗಿನ ಹೊತ್ತು, ಬರಿಹೊಟ್ಟೆಯಲ್ಲಿ, ಮರದ ದ್ರೋಣಿಯ ಮೇಲೆ ಮಲಗಿಸಿ, ಕಂಚಿನ ಬಟ್ಟಲಿನಲ್ಲಿದ್ದ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ, ಮೊದಲು ತನ್ನ ಮಣಿಕಟ್ಟಿನ ಒಳಮೈಗೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡಿ, ಆಮೇಲೆ ನನ್ನ ನೆತ್ತಿಗೆ ಇಡುತ್ತಿದ್ದನು. ನೆತ್ತಿಯಿಂದ ಕಿವಿಯ ಹಿಂಭಾಗ, ಕತ್ತು, ಹೆಗಲು, ಕೀಲುಗಳ ಮೇಲೆ ವೃತ್ತಾಕಾರವಾಗಿ, ನೀಳವಾದ ಎಲುಬಿನ ಮೇಲೆ ನೇರವಾಗಿ, ಕಡೆಗೆ ಅಂಗಾಲು. ಈ ಕ್ರಮ ಒಂದು ದಿನವೂ ತಪ್ಪಲಿಲ್ಲ. ಅವನು ಮಾತನಾಡುತ್ತಿದ್ದದ್ದು ಬಹಳ ಕಡಿಮೆ. "ಒತ್ತು ಹೆಚ್ಚಾಯ್ತಾ ಸರ್?" ಎಂದೋ, "ಉಸಿರು ಹಿಡೀಬೇಡಿ, ಬಿಡಿ" ಎಂದೋ ಕೇಳಿ ಸುಮ್ಮನಾಗುವನು. ಆ ಮೌನದಲ್ಲಿ ಅವನ ಕೈಗಳು ನನ್ನ ಶರೀರವನ್ನು ಪುಸ್ತಕದಂತೆ ಓದುತ್ತಿದ್ದವೆಂಬುದು ಮೂರನೆಯ ದಿನ ತಿಳಿಯಿತು. ಬಲದ ಹೆಗಲಮೂಳೆಯ ಕೆಳಗೆ, ನನಗೇ ಗೊತ್ತಿಲ್ಲದ ಒಂದು ಗಂಟಿನ ಮೇಲೆ ಹೆಬ್ಬೆರಳನ್ನು ಊರಿ, ಒಂದು ಕ್ಷಣ ತಡೆದು, ಅವನು ಕೇಳಿದನು: "ಎತ್ತರಕ್ಕೆ ಕೈ ಎತ್ತಿ ಬರೆಯೋ ಕೆಲಸವಾ ಸರ್ ನಿಮ್ಮದು?"

34 ವರ್ಷ ಕಪ್ಪುಹಲಗೆಯ ಮೇಲೆ ಭಾರತದ ನಕ್ಷೆಯನ್ನು ಬರೆದ ತೋಳು ಅದು. ನಾನು ಹೇಳದ ವೃತ್ತಿಯನ್ನು ನನ್ನ ಮಾಂಸಖಂಡ ಅವನಿಗೆ ಹೇಳಿತ್ತು. ಕಣ್ಣಿನಲ್ಲಿ ನೀರು ಬಂದದ್ದನ್ನು ಎಣ್ಣೆಯ ನೆಪದಲ್ಲಿ ಒರೆಸಿಕೊಂಡೆನು.

ಆ ದಿನ ಎದ್ದು ಕುಳಿತ ಮೇಲೆ ಮೊದಲ ಬಾರಿಗೆ ಅವನ ಕೈಗಳನ್ನು ನಾನು ನೋಡಿದೆನು. ಬಲ ಹೆಬ್ಬೆರಳಿನ ಬುಡ ಊದಿಕೊಂಡು ಚರ್ಮ ಹೊಳೆಯುತ್ತಿತ್ತು. ವಿಚಾರಿಸಿದಾಗ, ಹಿಂದೆ ಬೇರೊಂದು ಕಡೆ ಕೆಲಸಕ್ಕಿದ್ದಾಗ ದಿನಕ್ಕೆ ಏಳು ಎಂಟು ಜನಕ್ಕೆ ಎಣ್ಣೆ ತಿಕ್ಕಬೇಕಾಗುತ್ತಿತ್ತೆಂದೂ, ರಾತ್ರಿ ಅನ್ನ ಕಲಸಲು ಬೆರಳು ಮಡಿಸಲಾರದೆ ಚಮಚೆಯಲ್ಲಿ ಉಣ್ಣುತ್ತಿದ್ದೆನೆಂದೂ, ಇಲ್ಲಿಗೆ ಬಂದ ಮೇಲೆ, ಮನೆಯ ಒಡತಿಯನ್ನು ಕುರಿತು, "ಅಮ್ಮ ದಿನಕ್ಕೆ ಮೂರೇ ಜನ ಅಂತ ಕಟ್ಟುಮಾಡಿದ್ದಾರೆ, ಈಗ ಪರವಾಗಿಲ್ಲ" ಎಂದೂ ಹೇಳಿದನು. ಮಹನೀಯರೇ, ಈ ಮಾತಿನ ಮುಂದೆ ನಿಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಇಚ್ಛೆ ನನ್ನದು. ಅತಿಥಿಯ ನೋವು ಇಳಿಯಬೇಕಾದರೆ ಅದನ್ನು ಇಳಿಸುವ ಕೈಗೆ ಬಿಡುವು ಇರಬೇಕು. ಎಂಟನೆಯ ದೇಹವನ್ನು ಮುಟ್ಟುವ ಬೆರಳಿಗೆ ಓದುವ ಶಕ್ತಿ ಉಳಿದಿರುವುದಿಲ್ಲ, ತಿಕ್ಕುವ ಅಭ್ಯಾಸ ಮಾತ್ರ ಉಳಿದಿರುತ್ತದೆ. ನೀವು ಅಮೃತಶಿಲೆಗೂ ವಿದೇಶದ ಸುಗಂಧತೈಲಗಳಿಗೂ ಸುರಿಯಲಿರುವ ಹಣದಲ್ಲಿ ಒಂದು ಪಾಲನ್ನು ಈ ಬಿಡುವಿಗಾಗಿ, ಇನ್ನೊಬ್ಬ ಕೆಲಸಗಾರನ ಸಂಬಳಕ್ಕಾಗಿ, ಅವರ ಬೆರಳಿಗೇ ನೋವು ಬಂದ ದಿನ ಕೂಲಿ ಮುರಿಯದೆ ಕೊಡುವ ರಜೆಗಾಗಿ ಎತ್ತಿಡಿರೆಂದು ಅಂಗಲಾಚಿ ಬೇಡುತ್ತೇನೆ.

ಐದನೆಯ ಮತ್ತು ಆರನೆಯ ದಿನ ಶಿರೋಧಾರೆ ನಡೆಯಿತು. ಹಣೆಯಿಂದ ನಾಲ್ಕು ಅಂಗುಲ ಮೇಲೆ ತೂಗುಬಿಟ್ಟ ಪಾತ್ರೆಯ ತಳದ ರಂಧ್ರದಿಂದ, ಹತ್ತಿಯ ಬತ್ತಿಯನ್ನು ಹಿಡಿದು, ಎಣ್ಣೆ ದಾರದಂತೆ ಇಳಿದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಣೆಯನ್ನು ದಾಟುತ್ತಿತ್ತು. ಅದರ ಲಯಕ್ಕೂ ಹೊರಗಿನ ಅಲೆಗಳ ಲಯಕ್ಕೂ ಸಂಬಂಧವಿರಲಿಲ್ಲವಾದರೂ ಸ್ವಲ್ಪ ಹೊತ್ತಿನಲ್ಲಿ ಎರಡೂ ಒಂದಾದಂತೆ ಭಾಸವಾಗಿ, ನಿದ್ರೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿಯಲ್ಲಿ ಮುಕ್ಕಾಲು ಗಂಟೆ ಕಳೆದುಹೋಯಿತು. ಹೆಗಲು ಪೂರ್ತಿ ಗುಣವಾಯಿತೆಂದು ಹೇಳಲಾರೆ; ಊರಿಗೆ ಮರಳಿದ ಮೇಲೆ ವೈದ್ಯರು ಹೇಳಿದ ವ್ಯಾಯಾಮವನ್ನು ಮುಂದುವರಿಸಿದ್ದೇನೆ. ಆದರೆ ಆ ರಾತ್ರಿಗಳಲ್ಲಿ ನಾನು ನಿದ್ರಿಸಿದಂತೆ ಹಿಂದಿನ ಒಂದು ವರ್ಷದಲ್ಲಿ ಒಂದು ರಾತ್ರಿಯೂ ನಿದ್ರಿಸಿರಲಿಲ್ಲ.

ಊಟ ಸಾತ್ವಿಕವಾಗಿ, ಮಿತವಾಗಿ ಇತ್ತು. ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ. ಮಧ್ಯಾಹ್ನ ಒಂದೆಲಗದ ತಂಬುಳಿ, ಉಪ್ಪುನೀರಿನಲ್ಲಿಟ್ಟ ಅಪ್ಪೆಮಿಡಿಯ ಅಪ್ಪೆಹುಳಿ. ಸಂಜೆ ಒಣಗಿಸಿದ ಮುರುಗಲು ಸಿಪ್ಪೆಯ ಪಾನಕ. ಉಪ್ಪು ಸಾಣಿಕಟ್ಟೆಯ ಆಗರದ್ದು. ಅಡುಗೆಯವರು ಸುತ್ತಲ ಹಳ್ಳಿಯವರೇ ಆಗಿದ್ದುದರಿಂದ ಅಡುಗೆಗೆ ಬೇಕಾದ ಪದಾರ್ಥಕ್ಕಾಗಿ ಅವರು ಬಹು ದೂರ ಹೋಗಬೇಕಾಗಿರಲಿಲ್ಲ.

ಆ ಮನೆಯ ಹಿತ್ತಿಲಲ್ಲಿ ಒಂದು ಬಾವಿಯಿದೆ. ಅದನ್ನು ಕುರಿತು ಬರೆಯದಿದ್ದರೆ ನನ್ನ ಪಾಠದ ಋಣ ತೀರುವುದಿಲ್ಲ. ಮನೆಯ ಒಡತಿ ಎಪ್ಪತ್ತು ಸಮೀಪಿಸಿದ ಹಿರಿಯರು. ಮಾವನ ಕಾಲದ ತೋಟವನ್ನು ಮಾರಲಾರದೆ, ಅದರ ಉತ್ಪತ್ತಿಯಲ್ಲಿ ಬದುಕಲೂ ಆಗದೆ ಈ ಉದ್ಯಮಕ್ಕೆ ಕೈಹಾಕಿದವರು. ಈಜುಕೊಳ ಏಕಿಲ್ಲವೆಂದು ಒಬ್ಬ ಅತಿಥಿ ಕೇಳಿದಾಗ ಅವರು ಬಾವಿಕಟ್ಟೆಯ ಬಳಿಗೆ ಕರೆದೊಯ್ದು, ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿಯಲು ಕೊಟ್ಟರು. ನೀರು ಸಿಹಿಯಾಗಿತ್ತು. "ಮೇ ತಿಂಗಳ ಕೊನೆಗೂ ಇದು ಹೀಗೇ ಇರಬೇಕು ನೋಡಿ. ಕೊಳ ತುಂಬಿಸಿದರೆ ಇರೂದಿಲ್ಲ," ಎಂದಷ್ಟೇ ನುಡಿದರು.

ಅವರು ಅನುಭವದಿಂದ ಬಲ್ಲ ಈ ಸಂಗತಿಯ ಹಿಂದೆ ಒಂದು ಸೂಕ್ಷ್ಮವಾದ ಸಮತೋಲವಿದೆ. ಕಡಲಂಚಿನ ಮರಳಿನಡಿಯಲ್ಲಿ ಮಳೆಯ ಸಿಹಿನೀರು ಸಮುದ್ರದ ಉಪ್ಪುನೀರಿನ ಮೇಲೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ, ತೇಲಿಕೊಂಡಿರುತ್ತದೆ. ಉಪ್ಪುನೀರು ಸ್ವಲ್ಪ ಹೆಚ್ಚು ಭಾರವಾದ್ದರಿಂದ ಸಿಹಿನೀರು ಅದರಲ್ಲಿ ಭಾರ ಹೊತ್ತ ದೋಣಿಯಂತೆ ಬಹುಭಾಗ ಕೆಳಗಿದ್ದು ಅತ್ಯಲ್ಪ ಭಾಗ ಮಾತ್ರ ಸಮುದ್ರಮಟ್ಟಕ್ಕಿಂತ ಮೇಲಿರುತ್ತದೆ. ಮೇಲೆ ಒಂದು ಅಡಿ ಇದ್ದರೆ ಕೆಳಗೆ ಸುಮಾರು 40 ಅಡಿ ಎಂಬ ಲೆಕ್ಕವನ್ನು ಹಾಲೆಂಡಿನ ಗೈಬೆನ್, ಜರ್ಮನಿಯ ಹರ್ಟ್ಸ್‌ಬರ್ಗ್ ಎಂಬಿಬ್ಬರು ನೂರು ವರ್ಷಕ್ಕೂ ಹಿಂದೆಯೇ, ಬೇರೆಬೇರೆಯಾಗಿ ಕಂಡುಕೊಂಡರು. ಹಾಗಾದರೆ ಪಂಪು ಇಟ್ಟು ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಕಾಲಕ್ರಮದಲ್ಲಿ 40 ಅಡಿ ಏರಲು ಹವಣಿಸುತ್ತದೆ. ಒಮ್ಮೆ ಉಪ್ಪು ಹತ್ತಿದ ಬಾವಿ ಸಿಹಿಯಾಗುವುದಕ್ಕೆ ಎಷ್ಟು ಮಳೆಗಾಲ ಕಾಯಬೇಕೋ! ಕೆಡುವುದು ನಿಮ್ಮ ಬಾವಿ ಮಾತ್ರವಲ್ಲ, ನಿಮ್ಮ ಬೇಲಿಯಾಚೆಯ ಮೀನುಗಾರನ ಮನೆಯ ಬಾವಿಯೂ ಅದೇ ಕೆನೆಯನ್ನು ಮೊಗೆದು ಕುಡಿಯುತ್ತಿರುತ್ತದೆ. ನಿಮಗೆ ಟ್ಯಾಂಕರಿನಿಂದ ನೀರು ತರಿಸಿಕೊಳ್ಳುವ ಶಕ್ತಿಯುಂಟು, ಅವನಿಗೆ ಇಲ್ಲ. ಆ ಮನೆಯಲ್ಲಿ ಎಣ್ಣೆ ಹೋಗಲಾಡಿಸಲು ಹೆಸರುಹಿಟ್ಟು, ಸೀಗೆಪುಡಿಗಳನ್ನೇ ಕೊಡುತ್ತಿದ್ದರು. ಬಚ್ಚಲಿನ ನೀರು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹರಿದುಹೋಗುತ್ತಿತ್ತು. ಸಾಬೂನಿನ ಘಾಟು ಇಲ್ಲದ ಆ ಬಚ್ಚಲಿನಲ್ಲಿ, ತಾಮ್ರದ ಹಂಡೆಯ ಬಿಸಿನೀರನ್ನು ಮೈಮೇಲೆ ಸುರಿದುಕೊಳ್ಳುವಾಗ ಯಾವ ಭೋಗದ ಕೊರತೆಯೂ ನನ್ನನ್ನು ಬಾಧಿಸಲಿಲ್ಲ.

ನಿಶ್ಶಬ್ದವನ್ನು ಕುರಿತು ಒಂದು ಮಾತು. ನಿಮ್ಮಲ್ಲಿ ಅನೇಕರು ಪ್ರಶಾಂತತೆಯನ್ನು ಒದಗಿಸುತ್ತೇವೆಂದು ಅಚ್ಚುಹಾಕಿಸುತ್ತೀರಿ. ಬಳಿಕ ಅದನ್ನು ಗಾಜಿನ ಬಾಗಿಲಿನಿಂದಲೂ, ಸದಾ ನಡೆಯುವ ತಂಪುಯಂತ್ರದಿಂದಲೂ, ಮೆಲುದನಿಯ ಧ್ವನಿಮುದ್ರಿತ ಸಂಗೀತದಿಂದಲೂ ಸಾಧಿಸಲು ಯತ್ನಿಸುತ್ತೀರಿ. ನಾನಿದ್ದ ಮನೆ ಸದ್ದಿಲ್ಲದ ಮನೆಯಾಗಿರಲಿಲ್ಲ. ಬೆಳಗಿನ ಜಾವ ಮೀನಿನ ದೋಣಿಗಳು ಅಳಿವೆಗೆ ಮರಳುವ ಎಂಜಿನ್ನಿನ ಸದ್ದು, ಒಣಗಿದ ತೆಂಗಿನ ಹೆಡೆ ಬೀಳುವ ಸದ್ದು, ಕಡಲಹದ್ದಿನ ಕೂಗು, ಪಾತ್ರೆ ತೊಳೆಯುವ ಹೆಂಗಸರ ಮಾತು ಎಲ್ಲವೂ ಇದ್ದವು. ಒಂದು ರಾತ್ರಿ ದೂರದ ಗದ್ದೆಬಯಲಿನಿಂದ ಚಂಡೆಮದ್ದಳೆಯ ನಾದ ಗಾಳಿಯ ಅಲೆಯ ಮೇಲೆ ಏರಿಳಿಯುತ್ತ ಬಂತು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನ ಮೇಳ ಕಟ್ಟಿದ ಸೀಮೆಯಲ್ಲವೇ ಅದು! ನಿದ್ದೆ ಕೆಟ್ಟಿತೆಂದು ಯಾವ ಅತಿಥಿಯೂ ದೂರಲಿಲ್ಲ. ಇಬ್ಬರು ಎದ್ದು, ದಾರಿ ವಿಚಾರಿಸಿಕೊಂಡು ಆಟಕ್ಕೇ ಹೋದರು. ತಾನು ಹುಟ್ಟಿದ ಸ್ಥಳದಲ್ಲಿ, ತನ್ನ ಹೊತ್ತಿನಲ್ಲಿ ಕೇಳಿಸುವ ಸದ್ದು ಕಿವಿಗೆ ಭಾರವಾಗುವುದಿಲ್ಲ.

ಭಾರವಾಗುವಂಥದು ಯಾವುದೆಂಬುದನ್ನು ನಾನು ಕೆಲವು ವರ್ಷಗಳ ಹಿಂದೆ ಇನ್ನೊಂದು ಊರಿನ ಕಡಲತೀರದಲ್ಲಿ ಅನುಭವಿಸಿದ್ದೇನೆ. ಊರಿನ ಹೆಸರಾಗಲಿ, ಆ ದೊಡ್ಡ ಹೋಟೆಲಿನ ಹೆಸರಾಗಲಿ ಇಲ್ಲಿ ಬೇಡ. ಅಲ್ಲಿ ಅಲೆ ತಾಗುವಷ್ಟು ಮುಂದಕ್ಕೆ ಕಲ್ಲಿನ ಗೋಡೆ ಕಟ್ಟಿ, ಅದರ ಮೇಲೆ ಹುಲ್ಲುಹಾಸು ಹಾಸಿ, ಸಾಲುದೀಪಗಳನ್ನು ನಿಲ್ಲಿಸಿದ್ದರು. ನಡುರಾತ್ರಿಯವರೆಗೂ ಧ್ವನಿವರ್ಧಕ ಗರ್ಜಿಸುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಗೋಡೆಯ ಮುಂದೆ ಮರಳೇ ಇರಲಿಲ್ಲ. ಅಲೆ ಮರಳದಿಬ್ಬಕ್ಕೆ ಬಡಿದರೆ ತನ್ನ ಬಲವನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಗೋಡೆಗೆ ಬಡಿದರೆ ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನೇ ಕೊರೆದೊಯ್ಯುತ್ತದೆ, ಮತ್ತು ಗೋಡೆ ಮುಗಿಯುವ ತುದಿಯಲ್ಲಿ ನೆರೆಯವನ ನೆಲವನ್ನು ತಿನ್ನತೊಡಗುತ್ತದೆ. ಆ ತುದಿಯಲ್ಲಿದ್ದದ್ದು ಮೀನುಗಾರರ ಕೇರಿ. ಬುಟ್ಟಿ ಹೊತ್ತ ಹೆಂಗಸರು ಮೊದಲು ನೇರವಾಗಿ ರಸ್ತೆಗೆ ಬರುತ್ತಿದ್ದ ದಾರಿಗೆ ಬಾಗಿಲು ಬಿದ್ದು, ಅವರು ಗೋಡೆಯ ಉದ್ದಕ್ಕೂ ಸುತ್ತಿಬಳಸಿ, ಉಬ್ಬರದ ಹೊತ್ತಿನಲ್ಲಿ ಮೊಣಕಾಲುಮಟ್ಟದ ನೀರಿನಲ್ಲಿ ನಡೆದುಹೋಗುವುದನ್ನು ಉಪಾಹಾರದ ಮೇಜಿನಿಂದ ನಾನು ಕಂಡೆನು. ಆ ದಿನದ ತುತ್ತು ಇಂದಿಗೂ ಗಂಟಲಿನಲ್ಲಿ ನಿಂತಂತಿದೆ.

ಕಾನೂನು ಇಲ್ಲವೆಂದಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಹೊರಟದ್ದು 1991ರಲ್ಲಿ. 2011ರಲ್ಲಿ ಅದನ್ನು ಹೊಸದಾಗಿ ರಚಿಸಿದರು. 2019ರ ಅಧಿಸೂಚನೆ, ಚದರ ಕಿಲೋಮೀಟರಿಗೆ 2161 ಜನರನ್ನು ಮೀರಿದ ಗ್ರಾಮೀಣ ಪ್ರದೇಶಗಳಲ್ಲಿ ಉಬ್ಬರದ ರೇಖೆಯಿಂದ 200 ಮೀಟರಿದ್ದ ನಿಷೇಧದ ಪಟ್ಟಿಯನ್ನು 50 ಮೀಟರಿಗೆ ಇಳಿಸಿತು. ಲೆಕ್ಕ ಹಾಕುವ ಜಾಣರು ನಿಮ್ಮ ಕಡೆಗೂ ಇದ್ದಾರು. ರೇಖೆಯನ್ನು ಎಲ್ಲಿ ಎಳೆದರೆ ಎಷ್ಟು ಕೋಣೆ ಹೆಚ್ಚು ಬರುತ್ತದೆಂದು ಅವರು ಹೇಳಿಕೊಟ್ಟಾರು. ನಾನಿದ್ದ ಮನೆಯ ಒಡತಿಗೆ ಈ ಅಂಕಿಗಳು ಬಾಯಿಪಾಠವಿರಲಿಲ್ಲ. ಅವರ ಮಾವ ತೆಂಗು ನೆಟ್ಟ ಕೊನೆಯ ಸಾಲಿನಿಂದ ಮುಂದಕ್ಕೆ ಒಂದು ಕಲ್ಲನ್ನೂ ಇಡಬಾರದೆಂಬುದೇ ಅವರ ಶಾಸನ. ತೋಟದ ನಡುವಿನ ಕಾಲುದಾರಿಗೆ ಅವರ ಕಾಲದಲ್ಲಿಯೂ ಬಾಗಿಲಿಲ್ಲ. ಬೆಳಗ್ಗೆ ಮೀನಿನ ಬುಟ್ಟಿ ಹೊತ್ತವರು ನಮ್ಮ ಜಗುಲಿಯ ಮುಂದೆಯೇ ಹಾದುಹೋಗುತ್ತಿದ್ದರು; ಗಂಜಿಯ ಬಟ್ಟಲು ಹಿಡಿದು ಕುಳಿತ ನಮ್ಮನ್ನು ಕಂಡು "ಆಯ್ತಾ ಆಸ್ರಿ?" ಎಂದು ಕೇಳಿ ಮುಂದೆ ಸಾಗುವರು. ಹಾಗೆ ಕೇಳಿಸಿಕೊಂಡ ಅತಿಥಿಗೆ ತಾನು ಹಣ ತೆತ್ತು ಬಂದ ಪರಸ್ಥಳದವನೆಂಬ ಭಾವ ಎಷ್ಟು ಬೇಗ ಕರಗಿಹೋಗುತ್ತದೆಂಬುದನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಯಾವ ಕಲಮಿನಡಿ ಬರೆಯುವಿರಿ?

ಐದನೆಯ ರಾತ್ರಿಯ ಸಂಗತಿಯನ್ನು ಹೇಳದೆ ಈ ಪತ್ರ ಮುಗಿಯುವಂತಿಲ್ಲ. ಊಟವಾಗಿ ಎರಡು ಗಂಟೆ ಕಳೆದಿರಬಹುದು. ಅಲ್ಲಿನ ಮೀನುಗಾರರ ಕೇರಿಯ ಹುಡುಗನೊಬ್ಬ ಓಡಿಬಂದು ಹಿತ್ತಿಲ ಬಾಗಿಲಲ್ಲಿ ಏನೋ ಪಿಸುಗುಟ್ಟಿದನು. ಮೊದಲೇ ಮಂದವಾಗಿದ್ದ, ನೆಲದ ಮಟ್ಟದಲ್ಲಿ ಕೆಂಪು ಕಾಗದ ಹೊದ್ದು ಉರಿಯುತ್ತಿದ್ದ ದೀಪಗಳು ಒಂದೊಂದಾಗಿ ಆರಿದವು. ಕಾಲುದಾರಿಯಲ್ಲಿ ಮರಳಿನತ್ತ ಹೊರಟ ನಾನು ಕೈಯಲ್ಲಿದ್ದ ಟಾರ್ಚನ್ನು ಅಭ್ಯಾಸಬಲದಿಂದ ಹೊತ್ತಿಸಹೋದಾಗ ಮೀನುಗಾರ ಹೆಂಗಸೊಬ್ಬಳು ನನ್ನ ಮಣಿಕಟ್ಟು ಹಿಡಿದು, "ಬೆಳಕು ಬೇಡ ಅಣ್ಣಾ, ತಾಯಿ ಬಂದಾಳೆ" ಎಂದಳು. ಆಲಿವ್ ರಿಡ್ಲಿ ಜಾತಿಯ ಕಡಲಾಮೆ ಮೊಟ್ಟೆಯಿಡಲು ದಡ ಹತ್ತಿತ್ತು.

ನಾವು ದೂರದಲ್ಲಿ, ಆಮೆಯ ಹಿಂಬದಿಗೆ, ಮರಳಿನ ಮೇಲೆ ಕುಳಿತೆವು. ನಕ್ಷತ್ರಗಳ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಕಪ್ಪು ಗುಂಡೊಂದು ಅಲುಗುತ್ತಿರುವುದು ತೋರಿತು. ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ಬೊಗಸೆಯಾಗಿ ಬಾಗಿಸಿ ಅದು ಮರಳನ್ನು ತೋಡುತ್ತಿತ್ತು. ಒಂದು ಕಾಲು ಮರಳನ್ನು ಎತ್ತಿ ಪಕ್ಕಕ್ಕಿಡುವಾಗ ಇನ್ನೊಂದು ಕಾಲು ಕುಳಿಯ ಅಂಚು ಕುಸಿಯದಂತೆ ತಡೆದು ನಿಲ್ಲುತ್ತಿತ್ತು. ತೋಡುವ ಕುಳಿಯನ್ನು ಅದು ನೋಡಲಾರದು. ಕಾಲಿನ ಸ್ಪರ್ಶವೇ ಅದಕ್ಕೆ ಕಣ್ಣು. ಬೆಳಗ್ಗೆ ನನ್ನ ಹೆಗಲನ್ನು ಓದಿದ ಕೈಗಳು ನನಗೆ ನೆನಪಾದವು. ಮೊಟ್ಟೆಯಿಟ್ಟು, ಕುಳಿ ಮುಚ್ಚಿ, ಮೈಯನ್ನೇ ಬಡಿದು ಮರಳನ್ನು ಗಟ್ಟಿಮಾಡಿ, ಒಮ್ಮೆಯೂ ಹಿಂತಿರುಗಿ ನೋಡದೆ ಅದು ಅಲೆಯೊಳಕ್ಕೆ ಇಳಿದು ಮರೆಯಾಯಿತು. ಸುಮಾರು ಒಂದು ಗಂಟೆ ಹಿಡಿದ ಈ ಕಾರ್ಯದಲ್ಲಿ ನಮ್ಮಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ಹೆಂಗಸು ಕೈಜೋಡಿಸಿದಳು. ಮರುದಿನ ಅರಣ್ಯ ಇಲಾಖೆಯವರೂ ಕೇರಿಯ ಯುವಕರೂ ಬಂದು, ನಾಯಿ ನರಿಗಳು ತೋಡದಂತೆ ಸುತ್ತ ಬಲೆ ಬಿಗಿದು, ದಿನಾಂಕ ಬರೆದ ಫಲಕವನ್ನು ನೆಟ್ಟರು.

ಒಂದು ಗೂಡಿನಲ್ಲಿ ನೂರರ ಆಸುಪಾಸಿನ ಮೊಟ್ಟೆಗಳಿರುತ್ತವೆ. 45ರಿಂದ 60 ದಿನಗಳಲ್ಲಿ ಮರಿಗಳು ಸಾಮಾನ್ಯವಾಗಿ ರಾತ್ರಿಯ ಹೊತ್ತಿನಲ್ಲಿ ಹೊರಬರುತ್ತವೆ. ಹೊರಬಂದ ಮರಿಗೆ ದಾರಿ ತೋರುವವರು ಯಾರೂ ಇರುವುದಿಲ್ಲ. ನೆಲಕ್ಕಿಂತ ನೀರು ಆಕಾಶದ ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ, ಕತ್ತಲ ತೀರದಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಕಾಣುವ ದಿಗಂತ ಕಡಲಿನದು. ಮರಿ ಆ ಬೆಳಕಿನತ್ತ ಹರಿಯುತ್ತದೆ. ದಡದಲ್ಲಿ ನಿಮ್ಮ ಸಾಲುದೀಪ ಉರಿಯುತ್ತಿದ್ದರೆ ಅದು ಅದನ್ನೇ ಕಡಲೆಂದು ನಂಬಿ ಹುಲ್ಲುಹಾಸಿನತ್ತ, ರಸ್ತೆಯತ್ತ ತೆವಳಿ ಬೆಳಗಾಗುವಷ್ಟರಲ್ಲಿ ಬಿಸಿಲಿಗೋ ಕಾಗೆಗೋ ಆಹುತಿಯಾಗುತ್ತದೆ. ನಿಮ್ಮ ತೋಟದ ಅಲಂಕಾರಕ್ಕೆಂದು ನಿಲ್ಲಿಸಿದ ಒಂದು ದೀಪ ಇಷ್ಟನ್ನು ಮಾಡಬಲ್ಲದು. ಆಮೆಗಳು ದಡ ಹತ್ತುವ, ಮರಿಗಳು ಹೊರಬರುವ ತಿಂಗಳುಗಳ ಮಟ್ಟಿಗೆ, ಕಡಲ ಕಡೆಯ ದೀಪಗಳನ್ನು ಊಟವಾದ ಮೇಲೆ ಆರಿಸಿದರೆ ನಿಮ್ಮ ಅತಿಥಿಗಳು ಕತ್ತಲಲ್ಲಿ ಕುಳಿತು ನಕ್ಷತ್ರಗಳನ್ನು ಕಂಡಾರು. ನಗರದಿಂದ ಬಂದ ಎಷ್ಟು ಜನ ಅವುಗಳನ್ನು ಕಂಡು ಎಷ್ಟು ಕಾಲವಾಯಿತೋ!

ನಮ್ಮ ಕರಾವಳಿಯ ಮೇಲೆ ಲೋಕದ ದೃಷ್ಟಿ ಬೀಳುತ್ತಿದೆ. ಕಾಸರಕೋಡು, ಪಡುಬಿದ್ರಿ ತೀರಗಳಿಗೆ 2020ರಲ್ಲಿ ಶುಚಿಯಾದ ಕಡಲತೀರಗಳಿಗೆ ಸಲ್ಲುವ ನೀಲಿ ಬಾವುಟದ ಮನ್ನಣೆ ದೊರೆಯಿತು. ಅಘನಾಶಿನಿಯ ಅಳಿವೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇದರಿಂದ ನಿಮ್ಮ ಉದ್ಯಮ ಬೆಳೆಯುವುದು ನಿಶ್ಚಯ, ಬೆಳೆಯಲಿ ಎಂದು ಹಾರೈಸುವವನೇ ನಾನು. ಆ ಎಣ್ಣೆ ತಿಕ್ಕುವ ಯುವಕನಂಥ ನೂರಾರು ಮಂದಿ ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಹೋಗದೆ ಊರಿನಲ್ಲಿಯೇ ಬಾಳುವಂತಾಗಲಿ. ನಿಮ್ಮ ಮನೆಗಳು ಚಿಕ್ಕವಾಗಿರಲಿ, ತೆಂಗಿನ ಸಾಲಿನ ಹಿಂದಿರಲಿ, ದಾರಿ ತೆರೆದಿರಲಿ ಎಂಬುದಷ್ಟೇ ನನ್ನ ಬೇಡಿಕೆ. ನಿಮ್ಮಲ್ಲಿ ಯಾರಾದರೂ ಈ ವಿಷಯವಾಗಿ ಮಾತನಾಡಲು ಬಯಸಿದರೆ, ನೆಲದ ನಕ್ಷೆಯನ್ನು ಹಿಡಿದು ನಿಮ್ಮೊಡನೆ ತೀರದುದ್ದಕ್ಕೂ ನಡೆಯಲು ಸಿದ್ಧನಿದ್ದೇನೆ; ತೋಳು ಈಗ ಕಿವಿಯವರೆಗೆ ಏಳುತ್ತದೆ.

ಚೈತ್ರದಲ್ಲಿ ಒಂದು ಬೆಳಗ್ಗೆ ಒಡತಿಯವರಿಂದ ಫೋನಿನಲ್ಲಿ ಎರಡು ಸಾಲಿನ ಸಂದೇಶ ಬಂತು. ಹಿಂದಿನ ರಾತ್ರಿ ಮೂರನೆಯ ಜಾವದಲ್ಲಿ ಗೂಡಿನ ಮರಳು ಕುಸಿದು ಮರಿಗಳು ಹೊರಟವೆಂದೂ, ಕೇರಿಯವರೂ ಅತಿಥಿಗಳೂ ಕತ್ತಲಲ್ಲಿ ಇಕ್ಕೆಲದಲ್ಲಿ ಕುಳಿತು ದಾರಿಬಿಟ್ಟರೆಂದೂ, ಎಣಿಸಿದವರ ಲೆಕ್ಕಕ್ಕೆ ತೊಂಬತ್ತೊಂದು ಸಿಕ್ಕಿತೆಂದೂ ಬರೆದಿದ್ದರು.

ಇತಿ,
ನಿಮ್ಮ ಹಿತವನ್ನು ಬಯಸುವ
ಒಬ್ಬ ನಿವೃತ್ತ ಉಪಾಧ್ಯಾಯ